ಜಾಝ್ ಅಂದ್ರೆ ತೋಚಿದ್ದು ನುಡಿಸೋದಲ್ಲ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಅಮೆರಿಕದ ಜಾಝ್ ಸಂಗೀತದ ಬಗ್ಗೆ ಬಂದ ಬರಹ ಓದಿದೆ. ಕಲಾವಿದರು ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸುತ್ತಾರೆ, ನಿಯಮ ಗಿಯಮ ಏನೂ ಇಲ್ಲ ಎಂದಿದ್ದಾರೆ ಲೇಖಕರು. ನಗು ಬಂತು. ತೋಚಿದ್ದನ್ನು ನುಡಿಸಲು ಹೋಗಿ ಎರಡು ವರ್ಷ ಒದ್ದಾಡಿದವನು ನಾನು.

ಚಿಕ್ಕಂದಿನಲ್ಲಿ ಪಿಟೀಲು ಕಲಿತಿದ್ದೆ. ಸರಳೆ, ಜಂಟಿ, ಎಲ್ಲ ಮೂರು ಕಾಲದಲ್ಲಿ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಕೀಬೋರ್ಡ್ ಕೊಂಡು ಜಾಝ್‌ಗೆ ಕೈ ಹಾಕಿದೆ. ಅವರ ಡೋರಿಯನ್ ಸ್ಕೇಲು (ಏಳು ಸ್ವರಗಳ ಸಾಲು) ಅಂದ್ರೆ ನಮ್ಮ ಖರಹರಪ್ರಿಯ ರಾಗದ ಸ್ವರಗಳೇ. ಇನ್ನೇನು ಬೇಕು? ಖುಷಿಯಾಗಿ ಮೇಲಕ್ಕೂ ಕೆಳಕ್ಕೂ ಓಡಿದೆ. ಒಂದೂ ಅಪಸ್ವರ ಇಲ್ಲ. ಆದರೂ ಯಾವ ಬಸ್ಸು ಹತ್ತಬೇಕೆಂದು ಗೊತ್ತಿಲ್ಲದೆ ಸ್ಟ್ಯಾಂಡಿನಲ್ಲಿ ಅಡ್ಡಾಡುವವನ ಹಾಗೆ ಇತ್ತು ನನ್ನ ನುಡಿಕೆ.

ತಪ್ಪು ಎಲ್ಲಿ ಅಂತ ತೋರಿಸಿದ್ದು ಪಿಯಾನೊ ನುಡಿಸುವ ಒಬ್ಬ ಗೆಳೆಯರು. ನಮ್ಮಲ್ಲಿ ಷಡ್ಜ ಕೂತಲ್ಲೇ ಕೂತಿರುತ್ತದೆ. ಅಲ್ಲಿ ಕಾರ್ಡ್, ಅಂದ್ರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪು, ಬದಲಾದಾಗಲೆಲ್ಲ ಷಡ್ಜವೇ ಎದ್ದು ಬೇರೆ ಕಡೆ ಹೋಗಿ ಕೂತ ಹಾಗೆ. ‘ಸ್ಕೇಲು ಸ್ವಲ್ಪ ದಿನ ಬಿಡಿ, ಎರಡೇ ಸ್ವರ ಹಿಡಿಯಿರಿ’ ಅಂದರು. ಡಿ ಮೈನರ್ ಸೆವೆಂತ್, ಜಿ ಸೆವೆಂತ್, ಸಿ ಮೇಜರ್ ಸೆವೆಂತ್: ಈ ಮೂರು ಕಾರ್ಡುಗಳ ಸಾಲು ಜಾಝ್‌ನಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಮೊದಲ ಕಾರ್ಡಿನಲ್ಲಿ ಎಫ್ ಮತ್ತು ಸಿ ಸ್ವರ ಒತ್ತಿ. ಜಿ ಸೆವೆಂತ್ ಬಂದಾಗ ಎಫ್ ಅಲ್ಲೇ ಇರಲಿ, ಸಿ ಮಾತ್ರ ಪಕ್ಕದ ಬಿಗೆ ಇಳಿಯಲಿ. ಕೊನೆಯ ಕಾರ್ಡಿಗೆ ಬಿ ನಿಲ್ಲಲಿ, ಎಫ್ ಇಳಿದು ಇ ಆಗಲಿ. ಇಷ್ಟೇ. ತಾಳ ಎಣಿಸುವ ಮೆಟ್ರೊನೋಮ್ ಯಂತ್ರವನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟುಕೊಂಡು ಇದನ್ನೇ ಹನ್ನೆರಡು ಶ್ರುತಿಯಲ್ಲೂ ಕೂರಿಸಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಎಫ್ ಶಾರ್ಪ್‌ನಲ್ಲಿ ಈಗಲೂ ಎಡವುತ್ತೇನೆ.

ಆಮೇಲೆ ಸ್ಕೇಲಿಗೆ ವಾಪಸ್ ಹೋದೆ. ಈ ಸಲ, ಕಾರ್ಡ್ ಬದಲಾಗುವ ಗಳಿಗೆಗೆ ಸರಿಯಾಗಿ ಆ ಎರಡರಲ್ಲಿ ಒಂದು ಸ್ವರಕ್ಕೆ ಬಂದು ಇಳಿಯುವ ಹಾಗೆ. ಅದೇ ಏಳು ಸ್ವರ. ಆದರೆ ಈಗ ಕಾರ್ಡ್ ಒತ್ತುವ ಎಡಗೈ ಸುಮ್ನೆ ಮಡಿಲಲ್ಲಿದ್ದರೂ ಕಾರ್ಡ್ ಬದಲಾದದ್ದು ಕಿವಿಗೆ ಗೊತ್ತಾಗುತ್ತದೆ.

ನನ್ನಂಥವನ ಮಾತು ಬಿಡಿ. ಜಾಝ್‌ನ ದೊಡ್ಡ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಹದಿಹರೆಯದಲ್ಲಿ, 1936ರಲ್ಲಿ, ಕಾನ್ಸಾಸ್ ಸಿಟಿಯ ಕ್ಲಬ್ಬೊಂದರಲ್ಲಿ ನುಡಿಸುತ್ತ ತಪ್ಪಿದಾಗ ಡ್ರಮ್ಮರ್ ಜೋ ಜೋನ್ಸ್ ತನ್ನ ಸಿಂಬಲ್ (ಡ್ರಮ್ಮಿನ ಲೋಹದ ತಟ್ಟೆ) ತೆಗೆದು ಅವನ ಕಾಲ ಬಳಿ ಎಸೆದಿದ್ದ. ಮೂರು ನಾಲ್ಕು ವರ್ಷ ದಿನಕ್ಕೆ 11ರಿಂದ 15 ಗಂಟೆ ಸಾಧನೆ ಮಾಡಿದೆ ಅಂತ ಪಾರ್ಕರನೇ 1954ರ ರೇಡಿಯೊ ಸಂದರ್ಶನದಲ್ಲಿ ಹೇಳಿದ್ದಾನೆ. ತೋಚಿದ್ದು ಅಂದ್ರೆ ಇದೇ ಅಲ್ವಾ?

ಲೇಖಕರು ಮುಂದಿನ ಸಲ ಬರೆಯುವ ಮುಂಚೆ ನುಡಿಸುವವರ ಮನೆಯಲ್ಲಿ ಒಂದು ಬೆಳಿಗ್ಗೆ ಕೂತು ಕೇಳಲಿ. ನಮ್ಮನೆಗೇ ಬರಬಹುದು, ಆರು ಗಂಟೆಗೆ ಶುರು, ಕಾಫಿ ಕೊಡುತ್ತೇನೆ. ಪಕ್ಕದ ಮನೆಯವರ ಅಭಿಪ್ರಾಯ ಮಾತ್ರ ಕೇಳಬಾರದು. ‘ಹಾಡು ಯಾವಾಗ ಶುರು ಸಾರ್?’ ಅಂತ ಅವರು ವರ್ಷದಿಂದ ಕೇಳುತ್ತಲೇ ಇದ್ದಾರೆ.

– ನಿವೃತ್ತ ಬ್ಯಾಂಕ್ ಉದ್ಯೋಗಿ, ಕುವೆಂಪುನಗರ, ಮೈಸೂರು