ಕ್ಲಚ್ಚನ್ನು ಕಲಿಯುವವರ ಕಾಲಿಗೇ ಬಿಟ್ಟು ಕಲಿಸಲಿ

ಸಂಪಾದಕರಿಗೆ,

ಮಾನ್ಯರೇ,

‘ಎಲ್’ ಬೋರ್ಡ್ ಹಾಕಿಕೊಂಡ ಕಾರುಗಳು ರಸ್ತೆಯ ನಡುವೆಯೇ ನಿಂತುಬಿಡುತ್ತವೆ, ಬೆಳಗಿನ ಹೊತ್ತು ಶಾಲಾ ವಾಹನಗಳಿಗೂ ಬಸ್ಸುಗಳಿಗೂ ಅಡ್ಡಿಯಾಗುತ್ತವೆ ಎಂಬ ದೂರು ಮಂಗಳೂರಿನಲ್ಲಿ ಆಗಾಗ ಕೇಳಿಬರುತ್ತದೆ. ದೂರಿನಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಕಾರು ಏಕೆ ನಿಂತಿತು ಎಂದು ವಿಚಾರಿಸುವವರು ಕಡಿಮೆ. ಹೆಚ್ಚಿನವರು ಒಳಗೆ ಕುಳಿತವರ ವಯಸ್ಸನ್ನೋ, ಅದು ಹೆಂಗಸಾಗಿದ್ದರೆ ಅದನ್ನೋ ಕಾರಣವೆಂದು ತೀರ್ಮಾನಿಸಿ ಹಾರ್ನ್ ಒತ್ತುತ್ತಾ ಮುಂದೆ ಸಾಗುತ್ತಾರೆ. ಐವತ್ತರ ಹತ್ತಿರದ ವಯಸ್ಸಿನಲ್ಲಿ ಗೇರಿನ ಕಾರು ಕಲಿತವಳಾಗಿ ನನಗೆ ಮನವರಿಕೆಯಾದ ಕಾರಣ ಬೇರೆ: ನಮ್ಮಲ್ಲಿ ಸ್ಟೇರಿಂಗ್ ಹಿಡಿಯಲು ಕಲಿಸುತ್ತಾರೆ, ಕ್ಲಚ್ಚನ್ನು, ಅಂದರೆ ಇಂಜಿನ್ನನ್ನು ಚಕ್ರಗಳ ಜತೆ ಸೇರಿಸಿ ಬಿಡಿಸುವ ಎಡಗಾಲಿನ ಪೆಡಲನ್ನು, ಕಲಿಸುವುದಿಲ್ಲ.

ಬೆಳಗ್ಗೆ ಆರೂವರೆಗೆ ಡ್ರೈವಿಂಗ್ ಸ್ಕೂಲಿನ ಕಾರಿಗಾಗಿ ರಸ್ತೆ ಬದಿಯಲ್ಲಿ ಕಾಯುವವರೆಲ್ಲ ಈಗ ಹದಿನೆಂಟು ತುಂಬಿದ ಹುಡುಗರಲ್ಲ. ಮಕ್ಕಳು ಬೆಂಗಳೂರಿಗೋ ಕೊಲ್ಲಿ ದೇಶಗಳಿಗೋ ಹೋದ ಮೇಲೆ ಅಂಗಳದಲ್ಲಿ ಧೂಳು ತಿನ್ನುತ್ತಾ ನಿಂತ ಕಾರನ್ನು ತಾವೇ ಹೊರಗೆ ತೆಗೆಯಬೇಕಾಗಿ ಬಂದವರು, ವಯಸ್ಸಾದ ಅತ್ತೆ ಮಾವಂದಿರನ್ನು ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆದೊಯ್ಯುವ ಸೊಸೆಯಂದಿರು, ನಿವೃತ್ತಿಗೆ ಒಂದೆರಡು ವರ್ಷ ಉಳಿದಿರುವ ನೌಕರರು ಆ ಸಾಲಿನಲ್ಲಿ ಸಾಕಷ್ಟು ಸಂಖ್ಯೆಯಲ್ಲಿ ಸಿಗುತ್ತಾರೆ. ಹುಡುಗರ ಕೈಕಾಲುಗಳು ನೋಡಿ ನೋಡಿಯೇ ಅರ್ಧ ಕಲಿತಿರುತ್ತವೆ. ನಮ್ಮಂಥವರಿಗೆ ಹಾಗಲ್ಲ, ಯಾವುದನ್ನು ಏಕೆ ಒತ್ತಬೇಕು, ಒತ್ತಿದಾಗ ಒಳಗೆ ಏನಾಗುತ್ತದೆ ಎಂಬುದು ತಲೆಗೆ ಹೋದ ಮೇಲಷ್ಟೇ ಕಾಲು ಮಾತು ಕೇಳುತ್ತದೆ. ಇಂಥ ಕಲಿಕೆಯವರಿಗೆ ‘ಬಿಡಿ, ಬಿಡಿ, ನಿಧಾನ ಬಿಡಿ’ ಎಂದಷ್ಟೇ ಹೇಳಿ, ಗಾಡಿ ಆಫ್ ಆದೊಡನೆ ‘ಅಯ್ಯೋ’ ಎಂದು ತಲೆ ಚಚ್ಚಿಕೊಂಡರೆ ಅದನ್ನು ಪಾಠವೆಂದು ಕರೆಯಲಾಗದು.

ತರಬೇತಿ ಕಾರಿನಲ್ಲಿ ಕಲಿಸುವವರ ಸೀಟಿನ ಮುಂದೆಯೂ ಕ್ಲಚ್ಚು ಮತ್ತು ಬ್ರೇಕಿನ ಪೆಡಲ್‌ಗಳಿದ್ದು, ಅವು ಸರಳು ಅಥವಾ ಕೇಬಲಿನ ಮೂಲಕ ಕಲಿಯುವವರ ಪೆಡಲ್‌ಗಳಿಗೆ ಜೋಡಿಸಲ್ಪಟ್ಟಿರುತ್ತವೆ. ಸುರಕ್ಷತೆಗೆ ಇದು ಬೇಕೇ ಬೇಕು. ನಿಯಮವೂ ಅದನ್ನೇ ಹೇಳುತ್ತದೆ. ಆದರೆ ನಡೆಯುವುದೇನೆಂದರೆ, ಆಪತ್ತಿಗಾಗಿ ಇಟ್ಟ ಪೆಡಲನ್ನು ತರಬೇತುದಾರರು ಮೊದಲ ದಿನದಿಂದ ಕೊನೆಯ ದಿನದವರೆಗೂ ತಾವೇ ಒತ್ತುತ್ತಿರುತ್ತಾರೆ. ನಾನು ಸೇರಿದ್ದ ಸಂಸ್ಥೆಯಲ್ಲಿ ಒಂದು ಬೆಳಗ್ಗೆ ಸಿಗ್ನಲ್ ಬಳಿ ಸುಮ್ಮನೆ ಪರೀಕ್ಷಿಸಲೆಂದು ಕ್ಲಚ್ಚಿನ ಮೇಲಿಂದ ಕಾಲನ್ನು ಪೂರ್ತಿ ತೆಗೆದು ನೋಡಿದೆ. ಪೆಡಲು ಮೇಲೇಳಲಿಲ್ಲ, ಕೆಳಗೇ ಇತ್ತು, ಮೊದಲ ಗೇರಿನಲ್ಲಿದ್ದ ಗಾಡಿಯೂ ಆಫ್ ಆಗಲಿಲ್ಲ. ಪಕ್ಕದಲ್ಲಿದ್ದ ತರಬೇತುದಾರರು ಮೊಬೈಲಿನಲ್ಲಿ ಮುಂದಿನ ಅಭ್ಯರ್ಥಿಯ ಮನೆಯ ದಾರಿ ಕೇಳುತ್ತಾ, ಎಡಗಾಲಿನಲ್ಲಿ ನನ್ನ ಕೆಲಸವನ್ನೂ ಮಾಡುತ್ತಿದ್ದರು. ಅವರು ಕೆಟ್ಟವರಲ್ಲ, ಗಾಡಿ ಆಫ್ ಆದರೆ ಹೊತ್ತು ಹಾಳು, ಹಿಂದಿನವರ ಬೈಗುಳ ಬೇರೆ, ಮತ್ತು ಏಳೂಕಾಲಿಗೆ ಇನ್ನೊಬ್ಬರ ಮನೆಯ ಮುಂದೆ ಇರಬೇಕು. ಈಜು ಕಲಿಸುವವರು ಹೊಟ್ಟೆಯ ಕೆಳಗೆ ಕೊಟ್ಟ ಕೈಯನ್ನು ಕೊನೆಯ ದಿನದವರೆಗೂ ತೆಗೆಯದೆ ‘ಚೆನ್ನಾಗಿ ಈಜುತ್ತೀರಿ’ ಎಂದು ಕಳುಹಿಸಿಕೊಟ್ಟ ಹಾಗೆ ಇದು. ಡಿಎಲ್ ಕೈಗೆ ಬಂದ ಮರುದಿನ ಮನೆಯ ಕಾರನ್ನು ಹೊರಡಿಸಿದಾಗಲೇ ಅಭ್ಯರ್ಥಿಗೆ ತಾನು ಇಷ್ಟು ದಿನ ಕ್ಲಚ್ಚನ್ನು ಮುಟ್ಟಿಯೇ ಇರಲಿಲ್ಲವೆಂಬುದು ತಿಳಿಯುತ್ತದೆ. ಕಾರು ಕಲಿತೂ ಓಡಿಸದೆ ಉಳಿದಿರುವ ಹೆಂಗಸರು ಪ್ರತಿ ಬೀದಿಯಲ್ಲೂ ಸಿಗುವುದಕ್ಕೆ ಇದೂ ಒಂದು ಕಾರಣವೆಂದು ನಾನು ನಂಬಿದ್ದೇನೆ.

ಹಾಗೆಂದು ಹೊಸ ಕಾನೂನೇನೂ ಬೇಕಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 31ನೇ ನಿಯಮದ ಪ್ರಕಾರ ಸ್ವಂತ ಬಳಕೆಯ ವಾಹನ ಕಲಿಯುವವರಿಗೆ ತರಬೇತಿಯ ಅವಧಿ 21 ದಿನಗಳಿಗಿಂತ ಕಡಿಮೆ ಇರುವಂತಿಲ್ಲ, ವಾಸ್ತವವಾಗಿ ಗಾಡಿ ಓಡಿಸಿದ ಹೊತ್ತು 10 ಗಂಟೆಗಿಂತ ಕಡಿಮೆ ಇರುವಂತಿಲ್ಲ. ಅದೇ ನಿಯಮದ ಪಠ್ಯಕ್ರಮದಲ್ಲಿ ಕ್ಲಚ್ಚು ಹಿಡಿತಕ್ಕೆ ಬರುವ ಹಂತ, ಅಂದರೆ ಎಲ್ಲರೂ ‘ಹಾಫ್ ಕ್ಲಚ್’ ಎನ್ನುವುದು, ಗಾಡಿ ಹೊರಡಿಸುವ ಪಾಠದಲ್ಲೇ ಸೇರಿದೆ. ಈಗ ಲೆಕ್ಕ ಹಾಕಿ. ದಿನಕ್ಕೆ ಅರ್ಧ ಗಂಟೆ ಎಂದು ಹೇಳಿ, ಒಂದೇ ಕಾರಿನಲ್ಲಿ ಮೂವರನ್ನು ಕೂರಿಸಿಕೊಂಡು, ಒಬ್ಬರು ಓಡಿಸುವಾಗ ಇನ್ನಿಬ್ಬರು ಹಿಂದೆ ಕುಳಿತು ನೋಡುವುದನ್ನೂ ತರಬೇತಿಯೆಂದು ಎಣಿಸಿದರೆ, ಒಬ್ಬರ ಪಾಲಿಗೆ ಬರುವುದು ಕಾಲು ಗಂಟೆ ಎಂದಿಟ್ಟುಕೊಂಡರೂ 21 ದಿನಕ್ಕೆ ಐದೂಕಾಲು ಗಂಟೆ ಮಾತ್ರ. ಪ್ರತಿ ಅಭ್ಯರ್ಥಿಯೂ ಎಷ್ಟು ಹೊತ್ತು ಓಡಿಸಿದರು ಎಂಬ ದಾಖಲೆಯನ್ನು ಸಂಸ್ಥೆಗಳು ನಮೂನೆ 15ರಲ್ಲಿ ಇಡಬೇಕೆಂಬ ಕಟ್ಟಳೆಯೂ ಇದೆ. ಅದನ್ನು ಕಣ್ಣಾರೆ ಕಂಡ ಅಭ್ಯರ್ಥಿಯೊಬ್ಬರು ಈ ಪತ್ರ ಓದುತ್ತಿದ್ದರೆ ನನಗೆ ಸಂತೋಷ.

ಇನ್ನು ಕ್ಲಚ್ಚಿನ ವಿಷಯ. ಗಾಡಿ ನಿಂತಿರುವಾಗಲೂ ಇಂಜಿನ್ ನಿಮಿಷಕ್ಕೆ ಸುಮಾರು ಎಂಟುನೂರು ಸುತ್ತು ತಿರುಗುತ್ತಿರುತ್ತದೆ, ಅದಕ್ಕಿಂತ ತೀರಾ ನಿಧಾನವಾಗಿ ತಿರುಗಲು ಅದಕ್ಕೆ ಆಗುವುದಿಲ್ಲ, ಚಕ್ರಗಳಾದರೋ ನಿಂತಿವೆ. ತಿರುಗುತ್ತಿರುವುದನ್ನು ನಿಂತಿರುವುದರ ಜತೆ ಒಮ್ಮೆಲೇ ಸೇರಿಸಿದರೆ ಒಂದೋ ಗಾಡಿ ಕುಪ್ಪಳಿಸಬೇಕು, ಇಲ್ಲವೇ ಇಂಜಿನ್ ನಿಲ್ಲಬೇಕು. ಇವೆರಡರ ನಡುವೆ ಉಜ್ಜಿಕೊಂಡು, ಜಾರಿಕೊಂಡು, ಮೆಲ್ಲಗೆ ಒಂದರ ವೇಗವನ್ನು ಇನ್ನೊಂದಕ್ಕೆ ದಾಟಿಸುವ ತಟ್ಟೆಯೇ ಕ್ಲಚ್ ಪ್ಲೇಟು. ಇಷ್ಟನ್ನು ಹೇಳಲು ಎರಡು ನಿಮಿಷ ಸಾಕು. ಆ ಬಳಿಕ ಸಮತಟ್ಟಾದ ಖಾಲಿ ಜಾಗದಲ್ಲಿ, ಆಕ್ಸಿಲರೇಟರ್ ಮುಟ್ಟದೆ, ಮೊದಲ ಗೇರಿನಲ್ಲಿ, ಹಿಮ್ಮಡಿಯನ್ನು ನೆಲಕ್ಕೂರಿ ಪೆಡಲನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮೇಲೆ ಬಿಡುತ್ತಾ ಹೋದರೆ ಒಂದು ಹಂತದಲ್ಲಿ ಇಂಜಿನ್ನಿನ ದನಿ ತಗ್ಗುತ್ತದೆ, ಬಾನೆಟ್ ತುಸು ಮೇಲೆದ್ದಂತೆ ಕಾಣುತ್ತದೆ, ಸೀಟಿನಡಿ ಸಣ್ಣ ನಡುಕ ಬರುತ್ತದೆ. ಕಾಲನ್ನು ಅಲ್ಲೇ ಹಿಡಿದರೆ ಗಾಡಿ ತಾನಾಗಿ ತೆವಳತೊಡಗುತ್ತದೆ. ಇದೊಂದನ್ನೇ ಮೊದಲ ಎರಡು ಮೂರು ದಿನ, ಬೇರೇನನ್ನೂ ಮಾಡಿಸದೆ, ತಮ್ಮ ಪೆಡಲಿನಿಂದ ಕಾಲು ತೆಗೆದು ಮಾಡಿಸುವ ತರಬೇತುದಾರರು ಇಲ್ಲವೆಂದಲ್ಲ. ಅಂಥ ಒಬ್ಬರು ಬಳಿಕ ನನಗೆ ಸಿಕ್ಕಿದ್ದರಿಂದಲೇ ಇಂದು ಓಡಿಸುತ್ತಿದ್ದೇನೆ. ಅವರು ಮೊದಲು ಮಾಡಿಸಿದ್ದು ಸೀಟನ್ನು ಮುಂದಕ್ಕೆಳೆಸಿ, ಬೆನ್ನಿಗೊಂದು ದಿಂಬು ಇಡಿಸಿ, ಕ್ಲಚ್ಚು ಪೂರ್ತಿ ಒತ್ತಿದಾಗಲೂ ಮಂಡಿ ತುಸು ಮಡಿಸಿರುವಂತೆ ಕೂರಿಸಿದ್ದು. ಎರಡನೆಯದು ಚಪ್ಪಲಿ ಬಿಡಿಸಿ ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಹಾಕಿಕೊಂಡು ಬರಲು ಹೇಳಿದ್ದು. ಹವಾಯಿ ಚಪ್ಪಲಿಯ ತುದಿ ಪೆಡಲಿನಡಿ ಸಿಕ್ಕಿಕೊಂಡರೆ ಏನಾಗುತ್ತದೆಂದು ಯಾವ ಡ್ರೈವಿಂಗ್ ಸ್ಕೂಲಿನ ಬೋರ್ಡಿನಲ್ಲೂ ಬರೆದದ್ದನ್ನು ನಾನು ಕಂಡಿಲ್ಲ.

ನಮ್ಮ ಊರಿನಲ್ಲಿ ಇದು ಇನ್ನಷ್ಟು ಮುಖ್ಯವಾಗುವುದು ಏರುಗಳಿಂದಾಗಿ. ಹಂಪನಕಟ್ಟೆಯಿಂದ ಬಾವುಟಗುಡ್ಡೆಯತ್ತ ಹತ್ತುವ ರಸ್ತೆಯಲ್ಲಾಗಲಿ, ಕದ್ರಿ ಗುಡ್ಡದ ಸುತ್ತಲಿನ ಒಳದಾರಿಗಳಲ್ಲಾಗಲಿ ವಾಹನಗಳ ಸಾಲಿನಲ್ಲಿ ನಿಂತವರಿಗೆ ಬ್ರೇಕಿನಿಂದ ಕಾಲು ತೆಗೆದ ಕ್ಷಣದಿಂದ ಗಾಡಿ ಮುಂದಕ್ಕೆ ಹೊರಡುವವರೆಗಿನ ಹೊತ್ತೇ ಯುಗ. ಹಿಂದೆ ಸಿಟಿ ಬಸ್ಸು ಬಂಪರಿಗೆ ಒಂದು ಗೇಣು ಬಿಟ್ಟು ನಿಂತಿರುತ್ತದೆ. ಹ್ಯಾಂಡ್ ಬ್ರೇಕ್ ಹಾಕಿ, ಆಕ್ಸಿಲರೇಟರನ್ನು ತುಸು ಒತ್ತಿ, ಕ್ಲಚ್ಚನ್ನು ಹಿಡಿತಕ್ಕೆ ತಂದು, ಗಾಡಿ ಮುಂದಕ್ಕೆ ಎಳೆಯುತ್ತಿದೆ ಎಂದು ಅನ್ನಿಸಿದ ಮೇಲಷ್ಟೇ ಹ್ಯಾಂಡ್ ಬ್ರೇಕ್ ಇಳಿಸಿದರೆ ಒಂದಂಗುಲವೂ ಹಿಂದೆ ಜಾರದೆ ಹೊರಡಬಹುದು. ಹಾಫ್ ಕ್ಲಚ್ಚಿನಲ್ಲೇ ಗಾಡಿಯನ್ನು ಏರಿನಲ್ಲಿ ತೂಗಿ ನಿಲ್ಲಿಸಿಕೊಳ್ಳುವ ಅಭ್ಯಾಸವನ್ನು ಕೆಲವರು ಜಾಣತನವೆಂದು ಹೇಳಿಕೊಡುತ್ತಾರೆ. ಪ್ಲೇಟು ಸವೆದು ಸುಟ್ಟ ವಾಸನೆ ಬಂದಾಗ ಖರ್ಚು ಕಲಿತವರದು.

ಪರವಾನಗಿಯ ಪರೀಕ್ಷೆಯಲ್ಲಿ ಏನೇನನ್ನು ನೋಡಬೇಕೆಂದು ಹೇಳುವ, ಅದೇ ಕೇಂದ್ರ ನಿಯಮಗಳ 15ನೇ ನಿಯಮವು, ಕಡಿದಾದ ಏರಿನಲ್ಲಿ ವಾಹನವನ್ನು ನಿಲ್ಲಿಸಿ, ಹ್ಯಾಂಡ್ ಬ್ರೇಕನ್ನು ಸರಿಯಾಗಿ ಬಳಸಿ, ಸ್ವಲ್ಪವೂ ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸುವ ಸಾಮರ್ಥ್ಯವನ್ನು ಸ್ಪಷ್ಟವಾಗಿಯೇ ಸೇರಿಸಿದೆ. ಆದರೂ ಅನೇಕ ಕಡೆ ಪರೀಕ್ಷೆ ನಡೆಯುವುದು ಸಮತಟ್ಟಾದ ಮೈದಾನದಲ್ಲಿ. ಒಂದನೇ ಗೇರು, ಎರಡನೇ ಗೇರು, ಒಂದು ರಿವರ್ಸ್, ಇಳಿಯಿರಿ. ನಮ್ಮ ಕರಾವಳಿಯಿಂದ ದುಬೈಗೆ ಹೋದವರು ಅಲ್ಲಿ ಮೊದಲಿನಿಂದ ಕಲಿತು ಪರವಾನಗಿ ಪಡೆಯುವಾಗ ಯಾರ್ಡ್ ಪರೀಕ್ಷೆಯಲ್ಲಿ ಏರಿನ ಮೇಲೆ ಗಾಡಿ ನಿಲ್ಲಿಸಿ ಹೊರಡಿಸಿ ತೋರಿಸಬೇಕು, ಮರಳುಗಾಡಿನ ಸಮತಟ್ಟು ನೆಲದ ಊರಿನಲ್ಲಿ. ಘಟ್ಟದ ಬುಡದಲ್ಲಿರುವ, ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಾಟಿಗಳನ್ನು ಹತ್ತದೆ ಮೇಲಿನ ಸೀಮೆಗೆ ಹೋಗಲಾಗದ ನಾವು ಅದನ್ನು ಬಿಟ್ಟುಬಿಟ್ಟಿದ್ದೇವೆ.

ಆಟೊಮ್ಯಾಟಿಕ್ ಕಾರು ಕೊಂಡರಾಯಿತಲ್ಲ, ಈ ರಗಳೆ ಏಕೆ ಎಂದು ಕೇಳುವವರಿದ್ದಾರೆ. ಕೊಳ್ಳುವ ಶಕ್ತಿಯಿದ್ದವರು ಕೊಳ್ಳಲಿ. 2014ರಲ್ಲಿ ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ನೋಡಿಕೊಳ್ಳುವ ಎಎಂಟಿ ವ್ಯವಸ್ಥೆಯ ಮಾರುತಿ ಸೆಲೆರಿಯೊ ಬಂದ ಮೇಲೆ ಕಡಿಮೆ ಬೆಲೆಯಲ್ಲೂ ಕ್ಲಚ್ ಪೆಡಲಿಲ್ಲದ ಕಾರು ಸಿಗುತ್ತದೆಂಬುದು ನಿಜ. ಆದರೆ ಅಂಗಳದಲ್ಲಿ ಈಗಾಗಲೇ ನಿಂತಿರುವ ಹತ್ತು ವರ್ಷದ ಹಳೆಯ ಕಾರಿಗೆ ಗೇರು ಇದೆ, ಸೆಕೆಂಡ್ ಹ್ಯಾಂಡ್ ಕೊಳ್ಳಲು ಹೊರಟವರಿಗೆ ಸುಲಭವಾಗಿ ಸಿಗುವುದೂ ಅದೇ. ದ್ವಿಚಕ್ರ ವಾಹನಗಳಿಗೆ ಗೇರುಳ್ಳದ್ದು, ಗೇರಿಲ್ಲದ್ದು ಎಂದು ಪ್ರತ್ಯೇಕ ಪರವಾನಗಿ ಕೊಡುವ ನಮ್ಮ ಕಾಯ್ದೆಯು ಕಾರಿಗೆ ಆ ಭೇದವನ್ನು ಮಾಡುವುದಿಲ್ಲವಾದ್ದರಿಂದ, ಕ್ಲಚ್ಚನ್ನೇ ಕಾಣದವರೂ ಅದೇ ಡಿಎಲ್ ಹಿಡಿದು ನಾಳೆ ಗೇರಿನ ಕಾರನ್ನು ರಸ್ತೆಗಿಳಿಸಬಹುದು. ಅಂದ ಹಾಗೆ, ಏರಿನಲ್ಲಿ ಹಿಡಿದು ನಿಲ್ಲಿಸುವ ವ್ಯವಸ್ಥೆಯಿಲ್ಲದ ಎಎಂಟಿ ಕಾರು ಕೂಡ ಬ್ರೇಕು ಬಿಟ್ಟೊಡನೆ ಹಿಂದಕ್ಕೆ ಜಾರಬಹುದು.

ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳ ಕುರಿತು ಕೇಂದ್ರ ಸರ್ಕಾರ ತಂದ ನಿಯಮಗಳು 2021ರ ಜುಲೈ 1ರಿಂದ ಜಾರಿಯಲ್ಲಿವೆ. ಅಲ್ಲಿ ಲಘು ವಾಹನಕ್ಕೆ 4 ವಾರಗಳಲ್ಲಿ 29 ಗಂಟೆಗಳ ತರಬೇತಿ, ಅದರಲ್ಲಿ 21 ಗಂಟೆ ಪ್ರಾಯೋಗಿಕ, ಏರು ಇಳಿಜಾರಿನ ಚಾಲನೆಯೂ ಸೇರಿ. ಕಾಗದದ ಮೇಲೆ ಒಳ್ಳೆಯ ಯೋಜನೆ. ಆದರೆ ಅಂಥ ಕೇಂದ್ರದಿಂದ ಪ್ರಮಾಣಪತ್ರ ಪಡೆದವರಿಗೆ ಸಾರಿಗೆ ಕಚೇರಿಯ ಚಾಲನಾ ಪರೀಕ್ಷೆಯಿಂದಲೇ ವಿನಾಯಿತಿ ಇರುವುದರಿಂದ, ಕೊನೆಯ ಜರಡಿಯೂ ಇಲ್ಲದಂತಾಗುತ್ತದೆ ಎಂಬ ಅಳುಕು ನನಗಿದೆ. ಜತೆಗೆ ನಮ್ಮಲ್ಲಿ ಹೆಚ್ಚಿನವರು ಮುಂದೆಯೂ ಸೇರುವುದು ಬೀದಿಯ ತುದಿಯ ಚಿಕ್ಕ ಡ್ರೈವಿಂಗ್ ಸ್ಕೂಲಿಗೇ ಆದ್ದರಿಂದ ಸುಧಾರಣೆ ಅಲ್ಲಿಂದಲೇ ಆಗಬೇಕು.

ಆದಕಾರಣ ಸಾರಿಗೆ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟು. ತರಬೇತಿಯ ಕೊನೆಯ ಕೆಲವು ದಿನಗಳಲ್ಲಾದರೂ ತರಬೇತುದಾರರ ಬದಿಯ ಬ್ರೇಕನ್ನು ಹಾಗೆಯೇ ಉಳಿಸಿಕೊಂಡು, ಕ್ಲಚ್ಚಿನ ಜೋಡಣೆಯನ್ನು ಮಾತ್ರ ಕಳಚಿ ಓಡಿಸುವಂತೆ ಸಂಸ್ಥೆಗಳಿಗೆ ಸೂಚಿಸಬೇಕು. ಗಾಡಿ ನಿಲ್ಲಿಸಲು ಬ್ರೇಕು ಸಾಕು. ಓಡಿಸಿದ ಹೊತ್ತಿನ ದಾಖಲೆಯನ್ನು ಅಭ್ಯರ್ಥಿಯೇ ದಿನವೂ ನೋಡಿ ಒಪ್ಪಿದ ಮೇಲೆ ಮಾತ್ರ ಪರೀಕ್ಷೆಯ ದಿನ ಅದನ್ನು ಪರಿಗಣಿಸಬೇಕು. ಪರೀಕ್ಷಾ ಮೈದಾನದಲ್ಲಿ ಸಹಜವಾದ ಏರು ಇಲ್ಲದಿದ್ದರೆ ಕಾಂಕ್ರೀಟಿನ ಒಂದು ಸಣ್ಣ ದಿಬ್ಬ ಕಟ್ಟಿಸುವುದು ದೊಡ್ಡ ವೆಚ್ಚದ ಕೆಲಸವಲ್ಲ. ಏರಿನಲ್ಲಿ ಹೊರಡಿಸಲಾಗದವರನ್ನು ಅನುತ್ತೀರ್ಣಗೊಳಿಸಿದರೆ ಆರಂಭದಲ್ಲಿ ಗೊಣಗಾಟ ಎದ್ದೇ ಏಳುತ್ತದೆ, ಆದರೆ ಹಾಗೆ ಅನುತ್ತೀರ್ಣರಾದವರು ಮರಳಿ ತಮ್ಮ ಡ್ರೈವಿಂಗ್ ಸ್ಕೂಲಿಗೇ ಹೋಗಿ ‘ಇದನ್ನೇಕೆ ಹೇಳಿಕೊಡಲಿಲ್ಲ’ ಎಂದು ಕೇಳತೊಡಗಿದ ದಿನದಿಂದ ಪಾಠದ ಕ್ರಮ ತಾನಾಗಿ ಬದಲಾಗುತ್ತದೆ. ಕಲಿಯಲು ಸೇರುವವರ ಸಂಖ್ಯೆ ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಹೆಚ್ಚುವುದರಿಂದ ಅದಕ್ಕೆ ಮೊದಲೇ ಈ ಬಗ್ಗೆ ಸುತ್ತೋಲೆ ಹೊರಡಿಸಿ, ಅದರ ಪ್ರತಿಯನ್ನು ಪ್ರತಿ ಡ್ರೈವಿಂಗ್ ಸ್ಕೂಲಿನ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಿಸುವಂತೆ ಮಾಡಬೇಕೆಂದು ಇಲಾಖೆಯನ್ನು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಓದುಗರೊಬ್ಬರು,
ಬಿಜೈ, ಮಂಗಳೂರು