ಅಂಡಿಗೆಯ ಒಳಗಿನ ಹತ್ತಿ

ಡ್ರೆಸ್ಡೆನ್, 22 ಫೆಬ್ರುವರಿ 2026

ತೀರ್ಥರೂಪ ಅಪ್ಪನವರಿಗೂ ಅವ್ವನಿಗೂ ನಮಸ್ಕಾರಗಳು.

ನಾನು ಕ್ಷೇಮ. ಕಳೆದ ವಾರ ಫೋನಿನಲ್ಲಿ "ಮೂವತ್ತು ದಾಟಿದ ಮೇಲೂ ಕಂಪ್ಯೂಟರ್ ಆಟವೇ?" ಎಂದು ಕೇಳಿ ನೀವು ಸುಮ್ಮನಾದಿರಿ. ಆಗ ನನಗೆ ಮಾತು ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆಟ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಜೊತೆಗೆ ಒಂದು ಕೆಲಸ ಹಚ್ಚಿಕೊಂಡಿದ್ದೇನೆ: ಆಟದ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡ್, ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವ ಪ್ರೊಸೆಸರ್, ಅವನ್ನು ತಣಿಸುವ ಕೂಲರ್‌ಗಳನ್ನು ನಾನೇ ಪರೀಕ್ಷಿಸಿ, ಸಿಕ್ಕ ಅಂಕಿಗಳನ್ನು ಕನ್ನಡದಲ್ಲಿ ಬರೆಯುವ ಸ್ವಂತ ಜಾಲತಾಣ.

ಪಿಯುಸಿ ಮುಗಿದ ಬೇಸಿಗೆ ನೆನಪಿದೆಯೇ? ಹತ್ತಿಯ ಸುಗ್ಗಿಯಲ್ಲಿ ಬಂದ ಹಣದಿಂದ ನೀವು ಕೊಡಿಸಿದ್ದ ಕಾರ್ಡ್ ಮೇ ತಿಂಗಳಲ್ಲಿ ಸುಟ್ಟುಹೋಯಿತು. ನಾನು ಓದಿ ನಂಬಿದ್ದ ವಿಮರ್ಶೆಯಲ್ಲಿ ಅದರ ಶಾಖ 70 ಡಿಗ್ರಿ ಎಂದಿತ್ತು. ನಮ್ಮ ಮನೆಯಲ್ಲಿ 90 ದಾಟುತ್ತಿತ್ತು. ಬರೆದವನು ಸುಳ್ಳು ಹೇಳಿರಲಿಲ್ಲ, ತಂಪು ಕೋಣೆಯಲ್ಲಿ ಕುಳಿತು ಅಳೆದಿದ್ದ. ಇಲ್ಲಿ ನನ್ನ ಕೋಣೆ 21 ಡಿಗ್ರಿ ಇದೆ. ಮೇ ತಿಂಗಳ ಮಧ್ಯಾಹ್ನ ರಾಯಚೂರಿನ ಕೋಣೆ 40ಕ್ಕೆ ಬಂದರೆ, ಫ್ಯಾನು ಅಷ್ಟೇ ವೇಗದಲ್ಲಿ ತಿರುಗುವಾಗ ಕಾರ್ಡಿನ ಚಿಪ್‌ನ ಶಾಖವೂ ಹೆಚ್ಚುಕಡಿಮೆ ಅದೇ 19 ಡಿಗ್ರಿಯಷ್ಟು ಏರುತ್ತದೆ. ಒಂದು ಮಿತಿಗೆ ಬಂದ ಮೇಲೆ ಕಾರ್ಡ್ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಕೊಂಡವನು ಪೂರ್ತಿ ವೇಗಕ್ಕೆ ಹಣ ಕೊಟ್ಟಿರುತ್ತಾನೆ. ಆ ಕಾರ್ಡನ್ನು ಬಿಚ್ಚಿದಾಗ ಫ್ಯಾನಿನ ಹಿಂದೆ ಹತ್ತಿಯ ಎಳೆ ಕಂಬಳಿಯಂತೆ ಕುಳಿತಿತ್ತು. ಹತ್ತಿ ಮಾರುವ ಗಂಜ್‌ನಿಂದ ನಿಮ್ಮ ಅಂಗಿಗೆ ಅಂಟಿ ಮನೆಗೆ ಬರುತ್ತಿದ್ದ ಅದೇ ಎಳೆ. ಅದನ್ನು ಯಾವ ವಿಮರ್ಶೆಯೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಈ ಕ್ಷೇತ್ರದಲ್ಲಿ ಕಂಪನಿಗಳೇ ವಿಮರ್ಶಕರಿಗೆ ಪುಕ್ಕಟೆ ಕಾರ್ಡ್ ಕಳುಹಿಸುವ ರೂಢಿಯಿದೆ. ಇಂಥ ದಿನ, ಇಂಥ ಗಂಟೆಗೆ ಮೊದಲು ಪ್ರಕಟಿಸಬಾರದೆಂಬ ಕರಾರೂ ಅದರ ಜೊತೆ ಬರುತ್ತದೆ. ನಾನು ಹಾಗೆ ಪಡೆಯುವುದಿಲ್ಲವೆಂದು ಮೊದಲ ಪುಟದಲ್ಲೇ ಬರೆದಿದ್ದೇನೆ. ದಲಾಲಿ ಅಂಗಡಿಯ ಮುಂದೆ ನೀವು ಅಂಡಿಗೆಯ, ಅಂದರೆ ಹತ್ತಿ ತುಂಬಿದ ದೊಡ್ಡ ಚೀಲದ, ಮೇಲಿನ ಹತ್ತಿಯನ್ನು ಎಂದೂ ನೋಡುತ್ತಿರಲಿಲ್ಲ. ಮೊಣಕೈವರೆಗೆ ಕೈ ಹಾಕಿ ಒಳಗಿನದನ್ನು ಹಿರಿದು, ಎರಡು ಹೆಬ್ಬೆರಳ ನಡುವೆ ಎಳೆದು ಎಳೆಯ ಉದ್ದ ನೋಡುತ್ತಿದ್ದಿರಿ. ನಾನೂ ಅಂಗಡಿಗೆ ಹೋಗಿ, ಎಲ್ಲರಂತೆ ದುಡ್ಡು ಕೊಟ್ಟು, ಕೈಗೆ ಬಂದ ಡಬ್ಬಿಯನ್ನೇ ತರುತ್ತೇನೆ. ಪರೀಕ್ಷೆ ಮುಗಿದ ಮೇಲೆ ಮಾರುತ್ತೇನೆ. ತಿಂಗಳಿಗೆ ಒಂದೇ ವಿಮರ್ಶೆ ಆಗಬಹುದು, ಆಗಲಿ.

ನೀವು ಹಣದ ಬಗ್ಗೆ ಕೇಳುತ್ತೀರಿ. ಸದ್ಯಕ್ಕೆ ಇದರಿಂದ ಏನೂ ಬರುವುದಿಲ್ಲ. ಆನಂದ್ ಲಾಲ್ ಶಿಂಪಿ ಎಂಬ ಹುಡುಗ 1997ರಲ್ಲಿ, ತನ್ನ 14ನೆಯ ವಯಸ್ಸಿನಲ್ಲಿ, ಅಮೆರಿಕದಲ್ಲಿ ಆನಂದ್‌ಟೆಕ್ ಎಂಬ ಇಂಥದೇ ತಾಣವನ್ನು ಆರಂಭಿಸಿದ್ದ. ಪ್ರೊಸೆಸರ್ ಎಂದರೇನೆಂದು ನಾನು ಕಲಿತದ್ದೇ ಅಲ್ಲಿ. 2024ರ ಆಗಸ್ಟಿನಲ್ಲಿ ಅದು ನಿಂತುಹೋದ ದಿನ ನಾನು ಊಟ ಮಾಡಲಿಲ್ಲ. ಆ ರಾತ್ರಿಯೇ ಈ ಯೋಚನೆ ಹುಟ್ಟಿತು.

ತಂಗಿಗೆ ಒಂದು ಮಾತು. ವಿಮರ್ಶೆಗಳಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತವೆ ಎಂಬ ಸರಾಸರಿಯನ್ನಷ್ಟೇ ನೋಡಬೇಡ. ಸೆಕೆಂಡಿಗೆ 60 ಚಿತ್ರಗಳೆಂದರೆ ಒಂದೊಂದಕ್ಕೂ ಸುಮಾರು 16.7 ಮಿಲಿಸೆಕೆಂಡ್. ನಡುವೆ ಒಂದೇ ಚಿತ್ರ 100 ಮಿಲಿಸೆಕೆಂಡ್ ತಡೆದರೂ ಆಟ ಮುಗ್ಗರಿಸುತ್ತದೆ, ಸರಾಸರಿಯಲ್ಲಿ ಮಾತ್ರ ಅದು ಕಾಣಿಸುವುದೇ ಇಲ್ಲ. ಅದಕ್ಕೇ ನಾನು ಅತಿ ನಿಧಾನವಾದ ಶೇಕಡಾ 1ರಷ್ಟು ಚಿತ್ರಗಳನ್ನು ಬೇರೆಯಾಗಿ ಲೆಕ್ಕ ಹಾಕುತ್ತೇನೆ. ಪ್ರತಿ ಪರೀಕ್ಷೆಯನ್ನೂ ಮೂರು ಸಲ ಮಾಡುತ್ತೇನೆ.

ಆದರೆ ರಾಯಚೂರಿನ ಮೇ ತಿಂಗಳನ್ನು ನಾನು ಇಲ್ಲಿ ತಯಾರಿಸಲಾರೆ. ಅದನ್ನು ನೀನು ಅಳೆದುಕೊಡಬೇಕು. ಯುಗಾದಿಗೆ ಊರಿಗೆ ಬರುವ ಸ್ನೇಹಿತರೊಬ್ಬರ ಕೈಯಲ್ಲಿ ಒಂದು ಕಾರ್ಡ್, ಎರಡು ಡಿಜಿಟಲ್ ಥರ್ಮಾಮೀಟರ್ ಕಳುಹಿಸುತ್ತಿದ್ದೇನೆ. ಕಾರ್ಡನ್ನು ನಿನ್ನ ಕಂಪ್ಯೂಟರಿಗೆ ಹಾಕು. ಒಂದು ಥರ್ಮಾಮೀಟರನ್ನು ಗಾಳಿ ಒಳಗೆ ಹೋಗುವ ಕಡೆ ಗೇಣು ದೂರದಲ್ಲಿ ತೂಗುಹಾಕು, ಇನ್ನೊಂದು ಕೋಣೆಯ ನಡುವೆ ಇರಲಿ. ಮಧ್ಯಾಹ್ನ ಎರಡು ಗಂಟೆಗೆ ಆಟ ಹಚ್ಚಿ, ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ಆಮೇಲೆ ಬರೆದುಕೋ. ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಫಲಿತಾಂಶದ ಕೆಳಗೆ ನಿನ್ನ ಹೆಸರೂ ಇರುತ್ತದೆ.

ಅವ್ವ, ಆ ಹೊತ್ತಿನಲ್ಲಿ ಆ ಕೋಣೆಯ ಏರ್ ಕೂಲರ್ ಹಚ್ಚಬೇಡ. ಅವಳಿಗೆ ಮಜ್ಜಿಗೆ ಕೊಟ್ಟು ಬಾಗಿಲು ಮುಂದಕ್ಕೆ ಮಾಡು.

ನಿಮ್ಮ ಮಗ