ಹೆಬ್ಬೆರಳ ಅಗಲದ ನೋಟ

ಪ್ರಿಯ ಗಣೇಶ,

ಯಕ್ಷಗಾನದ ಬಣ್ಣದ ವೇಷ, ಅಂದರೆ ಮುಖಕ್ಕೆ ದಟ್ಟ ಬಣ್ಣ ಬಳಿದ ರಾಕ್ಷಸ ಪಾತ್ರ, ಕಣ್ಣಿಗೆ ಬರೀ ಗದ್ದಲ ಎಂದು ಬರೆದಿದ್ದೀಯಲ್ಲ, ತಪ್ಪು ವೇಷದ್ದಲ್ಲ, ನೀನು ಕೂತ ಜಾಗದ್ದು. ಕುಂಬಳೆ ಕಡೆಯ ಆಟಕ್ಕೆ ಬಂದಾಗ ಮುಂದಿನ ಸಾಲು ಬಿಡು. ಕೈ ಪೂರ್ತಿ ಚಾಚಿ ಹೆಬ್ಬೆರಳು ಎತ್ತಿ ನೋಡು. ಅದರ ಅಗಲ ಸುಮಾರು 2 ಡಿಗ್ರಿ. ಕಣ್ಣಿಗೆ ನಿಚ್ಚಳವಾಗಿ ಕಾಣುವುದು ಅಷ್ಟೇ ಜಾಗ. ಉಳಿದದ್ದನ್ನು ಕಣ್ಣು ಸೆಕೆಂಡಿಗೆ ಮೂರು ಸಲ ಜಿಗಿದು ಹೆಕ್ಕುತ್ತದೆ, ಮಿದುಳು ಹೊಲಿಯುತ್ತದೆ. 20 ಅಡಿ ದೂರ ಕೂತರೆ ವೇಷದ ಮುಖ ಹೆಚ್ಚುಕಡಿಮೆ ಒಂದೇ ನೋಟಕ್ಕೆ ಸಿಗುತ್ತದೆ. ಕಿರೀಟದ ಅಲುಗಾಟವನ್ನು ಕಣ್ಣಂಚು ಹಿಡಿಯುತ್ತದೆ; ಚಲನೆ ಹಿಡಿಯುವುದರಲ್ಲಿ ಅಂಚು ಬಲು ಚುರುಕು.

ಇನ್ನು ಚುಟ್ಟಿ, ಅಂದರೆ ವೇಷದ ಮುಖದ ಮೇಲಿನ ಬಿಳಿ ಮುಳ್ಳುಗಳ ಅಲಂಕಾರ. ಅಕ್ಕಿಹಿಟ್ಟಿಗೆ ಸುಣ್ಣ ಕಲಸಿ, ಕಡ್ಡಿಯಿಂದ ಮುಳ್ಳು ಮುಳ್ಳಾಗಿ ಗಂಟೆಗಟ್ಟಲೆ ಇಡುತ್ತಾರೆ. ಹಿಟ್ಟು ನೀರಾದರೆ ಮುಳ್ಳು ನಿಲ್ಲದೆ ಹರಡಿ ಅಂಚು ಮಸುಕಾಗುತ್ತದೆ. ಅಂಚು ಹೋದರೆ ಮುಖದ ಅರ್ಧ ಬಲ ಹೋಯಿತು. ಕಣ್ಣಿನ ನರಕೋಶ ಬೆಳಕು ಬಿದ್ದಾಗ ಅಕ್ಕಪಕ್ಕದ ಕೋಶಗಳ ಚಟುವಟಿಕೆಯನ್ನು ತಗ್ಗಿಸುತ್ತದೆ. ಹಾಗಾಗಿ ಕಪ್ಪಿಗೆ ತಾಗಿದ ಬಿಳಿ ಇನ್ನಷ್ಟು ಬಿಳಿ, ಬಿಳಿಗೆ ತಾಗಿದ ಕಪ್ಪು ಇನ್ನಷ್ಟು ಕಪ್ಪು. ವಿಜ್ಞಾನಿ ಹಾರ್ಟ್‌ಲೈನ್ ಇದನ್ನು ಲಾಳದೇಡಿಯ (ಲಾಳದಾಕಾರದ ಕಡಲಜೀವಿ) ಕಣ್ಣಿನಲ್ಲಿ ಅಳೆದು ತೋರಿಸಿದರು. 1967ರ ವೈದ್ಯಕೀಯ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು.

ಎರಡೂ ಬದಿಯಿಂದ ಬಿಳಿ ಫ್ಲಡ್‌ಲೈಟ್ ಹೊಡೆಯುವ ರಂಗಸ್ಥಳ ನನಗೆ ಹಿಡಿಸುವುದಿಲ್ಲ. ಉಬ್ಬುತಗ್ಗನ್ನು ಮಿದುಳು ಓದುವುದು ನೆರಳಿನಿಂದ. ನೆರಳಿಲ್ಲದಿದ್ದರೆ ಚುಟ್ಟಿ ಚಪ್ಪಟೆ. ದೊಂದಿಯ, ಅಂದರೆ ಪಂಜಿನ, ಬೆಳಕಲ್ಲಿ ಕೆಂಪು, ಹಳದಿ ಹೆಚ್ಚು, ಅದಕ್ಕೇ ಕೆಂಪು ಉರಿಯುತ್ತದೆ; ಜ್ವಾಲೆ ಅಲುಗಿದಂತೆ ಮುಳ್ಳಿನ ನೆರಳೂ ಅಲುಗಿ ಮುಖ ಜೀವ ತಳೆಯುತ್ತದೆ. ದೊಂದಿ ಬೆಳಕಿನ ಆಟ ಎಲ್ಲಾದರೂ ಇದ್ದರೆ ತಪ್ಪಿಸಬೇಡ. ಅಲ್ಲಿ ಮೊಬೈಲು ಮಾತ್ರ ತೆಗೆಯಬೇಡ, ಕತ್ತಲೆಗೆ ಕಣ್ಣು ಪೂರ್ತಿ ಒಗ್ಗಲು ಅರ್ಧ ಗಂಟೆ ಬೇಕು.

ವೇಷ ತೆರೆಯ ಹಿಂದೆ ನಿಂತು ಕುಣಿಯುವ ತೆರೆ ಕುಣಿತದ ಹೊತ್ತಿಗೆ ಚಾ ಕುಡಿಯಲು ಏಳುತ್ತೀಯಲ್ಲ, ಅದು ದೊಡ್ಡ ನಷ್ಟ. ಇಷ್ಟದ ಸಂಗೀತ ಕೇಳುವವರ ಮಿದುಳನ್ನು 2011ರಲ್ಲಿ ಸ್ಕ್ಯಾನ್ ಮಾಡಿದಾಗ, ಮೈ ಜುಮ್ಮೆನ್ನುವ ಕ್ಷಣಕ್ಕೆ ಮುಂಚೆ, ಬರೀ ನಿರೀಕ್ಷೆಯಲ್ಲೇ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕ ಬಿಡುಗಡೆಯಾಗುವುದು ಕಂಡಿತು. ತೆರೆಯ ಹಿಂದೆ ಕಿರೀಟದ ತುದಿಯಷ್ಟೇ ಕಂಡು ಚೆಂಡೆ ಏರುವಾಗ ನಡೆಯುವುದೂ ಇದೇ ಎಂದು ನನ್ನ ಊಹೆ. ಆದರೆ ರಸ ಎಂದರೆ ಡೋಪಮೈನ್ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕತೆ, ಭಾಗವತರ ದನಿ, ಅರ್ಥದ ಮಾತು ಅದರಲ್ಲಿ ಎಲ್ಲಿವೆ?

ಸಂಜೆಯೇ ಬಂದುಬಿಡು. ಚೌಕಿಯಲ್ಲಿ (ವೇಷ ಕಟ್ಟುವ ಕೋಣೆ) ಒಂದು ಕೆನ್ನೆಗೆ ಚುಟ್ಟಿ ಇಟ್ಟು ಇನ್ನೊಂದು ಖಾಲಿ ಇರುವ ಹೊತ್ತು ಸಿಕ್ಕರೆ, ಹತ್ತಿರದಿಂದ ಒಮ್ಮೆ, 20 ಅಡಿ ಹಿಂದೆ ಸರಿದು ಒಮ್ಮೆ ನೋಡು. ರಾತ್ರಿ ಇಬ್ಬನಿ ಬೀಳುತ್ತದೆ, ಶಾಲು ತಾ.

ಇಂತು ನಿನ್ನ,
ರಾಮ